ಅಂಗುಲಕ್ಕೊಂದು ಅಡಿ

ಮುಳಬಾಗಿಲು ಕಡೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಗೆ ನಾನು ಮೊದಲ ಸಲ ಕಟ್ಟಿದ ರ‍್ಯಾಂಪ್ ಎಂಟಡಿ ಉದ್ದವಿತ್ತು. ಕಟ್ಟಡದ ಪಾಯ ನೆಲದಿಂದ ಎರಡೂವರೆ ಅಡಿ ಮೇಲೆ. ಮೆಟ್ಟಿಲ ಪಕ್ಕ ಉಳಿದಿದ್ದ ಜಾಗ ಎಂಟೇ ಅಡಿ, ಅಷ್ಟಕ್ಕೇ ಮುಗಿಸಿದೆ. ಮೇಲೆ ಪಾಲಿಶ್ ಗ್ರಾನೈಟ್ ಹಾಸಿ, ಪಕ್ಕಕ್ಕೆ ಸ್ಟೀಲ್ ಪೈಪು ಕೂರಿಸಿದೆ. ನೋಡಲು ಚೆನ್ನಾಗಿತ್ತು, ಬಿಲ್ಲೂ ಆಯಿತು.

ಹದಿನೈದು ದಿನ ಕಳೆದ ಮೇಲೆ ಅಲ್ಲಿನ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಫೋನ್ ಮಾಡಿದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋದವರು. ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಓಡಾಡುತ್ತಾರೆ. "ಅಣ್ಣ, ಒಂದ್ಸಲ ಬಂದು ನಾನು ಹತ್ತೋದನ್ನ ನೋಡಿ" ಅಂದರು. ಹೋದೆ. ಅರ್ಧ ಹತ್ತುವಷ್ಟರಲ್ಲಿ ಚಕ್ರ ಜಾರಿ ಗಾಡಿ ಹಿಂದಕ್ಕೆ ಬಂತು, ನಾನು ಓಡಿ ಹಿಡಿದುಕೊಂಡೆ. ಅವರು ಬೈಯಲಿಲ್ಲ. ಗಾಡಿ ಕೆಳಗೇ ಬಿಟ್ಟು, ಮೆಟ್ಟಿಲ ಮೇಲೆ ಕೈಯೂರಿ ತೆವಳಿಕೊಂಡು ಒಳಗೆ ಹೋದರು. ರ‍್ಯಾಂಪ್ ಕಟ್ಟುವ ಮುಂಚೆಯೂ ಹಾಗೇ ಹೋಗುತ್ತಿದ್ದರಂತೆ. ಅವತ್ತಿನ ಸಂಕಟ ನನಗೆ ಇನ್ನೂ ಹೋಗಿಲ್ಲ.

ಲೆಕ್ಕವೇನೋ ಸುಲಭ. ಪುಸ್ತಕದಲ್ಲಿ 1:12 ಅಂತ ಇರುತ್ತದೆ. ಗಾರೆ ಕೆಲಸದವರ ಮಾತಲ್ಲಿ ಹೇಳಿದರೆ ಒಂದಂಗುಲ ಎತ್ತರಕ್ಕೆ ಒಂದಡಿ ಉದ್ದ. ಎರಡೂವರೆ ಅಡಿ ಅಂದರೆ 30 ಅಂಗುಲ, ಆದ್ದರಿಂದ 30 ಅಡಿ ರ‍್ಯಾಂಪ್ ಬೇಕು. ಅದನ್ನು ನಾನು ಎಂಟಕ್ಕೆ ಇಳಿಸಿದ್ದೆ.

ಒಡೆದು ಮತ್ತೆ ಕಟ್ಟುವುದೆಂದು ತೀರ್ಮಾನವಾಯಿತು. ಪಂಚಾಯಿತಿಯವರು ಅಂಗವಿಕಲರಿಗೆಂದು ಇಡುವ ಶೇ 5ರ ಹಣದಲ್ಲಿ ಸಿಮೆಂಟು, ಜಲ್ಲಿ, ಪೈಪು ಕೊಡಿಸಿದರು, ಕೂಲಿ ನನ್ನದು. 15 ಅಡಿ ಹತ್ತಿ, 5 ಅಡಿ ಚೌಕದ ಸಮತಟ್ಟಿನಲ್ಲಿ ತಿರುಗಿ, ಮತ್ತೆ 15 ಅಡಿ ಹತ್ತುವ ಹಾಗೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದೆ. ಈ ಸಲ ದಾರ ಕಟ್ಟುವ ಮೊದಲೇ ಅವರನ್ನು ಕರೆದಿದ್ದೆ. ಗೆರೆ ನೋಡಿದ ತಕ್ಷಣ ಕೇಳಿದರು: "ನನ್ನ ಗಾಡಿನೇ ಆರಡಿ ಹತ್ರ ಐತೆ. ಐದಡೀಲಿ ಹೆಂಗಣ್ಣ ತಿರುಗಿಸ್ಲಿ?" ಆ ಅಳತೆ ಗಾಲಿಕುರ್ಚಿಗೆ ಸರಿ. ನಮ್ಮ ಹಳ್ಳಿಗಳಲ್ಲಿ ಜನ ಓಡಾಡುವುದು ಕೈ ಪೆಡಲಿನ ಸೈಕಲ್ಲಿನಲ್ಲಿ, ಇಲ್ಲವೇ ಪಕ್ಕದ ಚಕ್ರ ಹಾಕಿಸಿದ ಸ್ಕೂಟರಿನಲ್ಲಿ.

ಕೊನೆಗೆ ಕಚೇರಿಯ ಮುಂಗೋಡೆಗೆ ಅಂಟಿಸಿ ನೇರವಾಗಿ ಎಳೆದೆವು, ನಡುವೆ ಐದಡಿ ಸಮತಟ್ಟು ಬಿಟ್ಟು. ಅಗಲ ನಾಲ್ಕಡಿ. ಗೋಡೆಗೆ ಅಂಟಿಸಿದ್ದರಿಂದ ಸಜ್ಜಾದ ನೆರಳೂ ಸಿಕ್ಕಿತು. ಕೈಯೂರಿ ಹೋಗುವವರಿಗೆ ಈ ನೆರಳು ಎಷ್ಟು ಮುಖ್ಯ ಅನ್ನುವುದು ಏಪ್ರಿಲ್ ಮಧ್ಯಾಹ್ನ ಗ್ರಾನೈಟಿನ ಮೇಲೆ ಅಂಗೈ ಇಟ್ಟು ನೋಡಿದರೆ ತಿಳಿಯುತ್ತದೆ. ಪಾಲಿಶ್ ಕಲ್ಲು ಬಿಟ್ಟು, ಹಸಿ ಕಾಂಕ್ರೀಟಿನ ಮೇಲೆ ಅಡ್ಡಡ್ಡಕ್ಕೆ ಪೊರಕೆ ಎಳೆದೆವು. ಪೈಪು ಎರಡು ಸಾಲು, ಎರಡೂವರೆ ಅಡಿ ಎತ್ತರಕ್ಕೊಂದು, ಮೂರಡಿ ಎತ್ತರಕ್ಕೊಂದು. ತುದಿಯಲ್ಲಿ ಒಂದಡಿ ಮುಂದಕ್ಕೆ ಬಿಟ್ಟೆವು.

ಅಷ್ಟಾದ ಮೇಲೂ ಒಂದು ತಪ್ಪು ಉಳಿದಿತ್ತು. ಕಿಟಕಿ ಬಾಗಿಲುಗಳು ಹೊರಕ್ಕೆ ತೆರೆದು ರ‍್ಯಾಂಪಿನ ಮೇಲೆ ಮುಖದ ಮಟ್ಟಕ್ಕೆ ಚಾಚಿಕೊಳ್ಳುತ್ತಿದ್ದವು. ಪಿಂಚಣಿ ವಿಚಾರಿಸಲು ಬಂದ, ಕಣ್ಣು ಕಾಣದ ಅಜ್ಜ ಒಬ್ಬರು ಪೈಪು ಹಿಡಿದು ಬರುವಾಗ ಹಣೆಗೆ ತಗುಲಿತು. ಅವರ ಕೋಲು ನೆಲವನ್ನು ಹೇಳುತ್ತದೆಯೇ ಹೊರತು ಹಣೆ ಎತ್ತರದ ಕಬ್ಬಿಣವನ್ನು ಹೇಳುವುದಿಲ್ಲ. ಆ ವಾರವೇ ಎಲ್ಲವನ್ನೂ ಪಕ್ಕಕ್ಕೆ ಸರಿಯುವ ಕಿಟಕಿಗಳಾಗಿ ಬದಲಾಯಿಸಿದೆ. ಹಳೇ ಮೆಟ್ಟಿಲುಗಳನ್ನು ಒಡೆಯಲಿಲ್ಲ, ಪೈಪು ಮಾತ್ರ ಹಾಕಿದೆ. ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆಯಾಗುವ ಪಟ್ಟಿ, ಕಟ್ಟಿ ನಡೆಯುವವರಲ್ಲಿ ಹಲವರಿಗೆ ಇಳಿಜಾರಿಗಿಂತ ಮೆಟ್ಟಿಲೇ ಹಿತ.

ಈಗ ಕೋಲಾರ ಪೇಟೆಯಲ್ಲಿ ಅಂಗಡಿ, ಮದುವೆ ಛತ್ರದ ಕೆಲಸ ಬಂದರೆ ಪಾಯ ಹಾಕುವ ಮೊದಲೇ ಈ ಮಾತು ಎತ್ತುತ್ತೇನೆ. ಪಾಯ ಆರಂಗುಲ ತಗ್ಗಿಸಿದರೆ ರ‍್ಯಾಂಪಿನ ಉದ್ದದಲ್ಲಿ ಆರಡಿ ಉಳಿತಾಯವಾಗುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ ಅನ್ನುವ ಭಯ ಮಾಲೀಕರಿಗೆ, ಅದು ಸುಳ್ಳೇನೂ ಅಲ್ಲ. ಅಂಥ ಕಡೆ ಅಂಗಳಕ್ಕೇ ಮಣ್ಣು ತುಂಬಿ ಗೇಟಿನಿಂದಲೇ ನಿಧಾನವಾಗಿ ಏರಿಸುತ್ತೇನೆ. ಹಾಗೆ ಮಾಡಿದರೆ ರ‍್ಯಾಂಪೇ ಬೇಡ, ಎಲ್ಲರೂ ಒಂದೇ ದಾರಿಯಲ್ಲಿ ಬರುತ್ತಾರೆ. "ಅಂಥೋರು ಯಾರು ಬರ್ತಾರೆ ಬಿಡಿ" ಅಂದ ಮಾಲೀಕರೊಬ್ಬರನ್ನು, "ನಿಮ್ಮ ತಾಯಿ ಈ ಅಂಗಡಿಗೆ ಕೊನೇ ಸಲ ಬಂದಿದ್ದು ಯಾವಾಗ?" ಎಂದು ಕೇಳಿದೆ. ಆಕೆಗೆ ಮಂಡಿ ನೋವು. ಮಾರನೇ ದಿನ ಪ್ಲಾನ್ ಬದಲಾಯಿತು.

ಕಾನೂನಿನ ಮಾತನ್ನೂ ಹೇಳುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 44ನೇ ಕಲಮಿನ ಪ್ರಕಾರ ಈ ಅನುಕೂಲಗಳಿಲ್ಲದ ನಕ್ಷೆಗೆ ಅನುಮತಿ ಕೊಡುವಂತಿಲ್ಲ. ಕಡ್ಡಾಯ ನಿಯಮಗಳನ್ನೇ ಬೇರೆಯಾಗಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೇಂದ್ರಕ್ಕೆ ಹೇಳಿದೆ.

ಶೌಚಾಲಯದ್ದು ಇನ್ನೊಂದು ಪಾಡು. ಬಾಗಿಲು ಒಳಕ್ಕೆ ತೆರೆದರೆ ಗಾಲಿಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲಾಗುವುದಿಲ್ಲ. ಒಳಗೆ ಯಾರಾದರೂ ಬಿದ್ದರೆ ಹೊರಗಿನವರು ತಳ್ಳಲೂ ಆಗುವುದಿಲ್ಲ. ಹಾಗಾಗಿ ಹೊರಕ್ಕೇ ತೆರೆಯಬೇಕು. ಮೂರಡಿ ಚೌಕಟ್ಟು ತಂದರೆ ಮರದ ದಪ್ಪ ಕಳೆದು ಎರಡೂವರೆ ಅಡಿ ಚಿಲ್ಲರೆ ಮಾತ್ರ ಸಿಗುತ್ತದೆ, ಬಡಗಿಗೆ ಮೂರೂವರೆ ಅಡಿಯದ್ದೇ ಹೇಳಬೇಕು. ಕಮೋಡಿನ ಒಂದು ಪಕ್ಕ ಕುರ್ಚಿ ನಿಲ್ಲಲು ಮೂರಡಿ ಖಾಲಿ ಬಿಡಬೇಕು. ಆ ಖಾಲಿ ಜಾಗ ಕಂಡರೆ ಸಾಕು, ಮುರಿದ ಕುರ್ಚಿ, ಹಳೇ ಫೈಲು ತಂದು ತುಂಬಿ ಬೀಗ ಹಾಕುತ್ತಾರೆ. ಕೀಲಿ ಯಾರ ಹತ್ತಿರವಿದೆಯೋ ಹುಡುಕುತ್ತಾ ಕೂರಬೇಕು, ಅದೂ ಎಂಥ ಅವಸರದಲ್ಲಿ! ಅದಕ್ಕೇ ನಾನು ಕೆಲಸ ಮುಗಿಸುವಾಗ ಹೊರಗಡೆ ಬೀಗದ ಕೊಂಡಿ ಹಾಕುವುದನ್ನೇ ಬಿಟ್ಟಿದ್ದೇನೆ. ಒಳಗಡೆ ಮಾತ್ರ, ಕೂತವರ ಕೈಗೆ ಎಟುಕುವ ಹಾಗೆ ಮೂರಡಿ ಎತ್ತರದಲ್ಲಿ ಒಂದು ಚಿಲಕ.