ಚಿನ್ನ ಸುಡುವ ಊರಿನಲ್ಲಿ ಬಾಣಂತಿಯ ಜೋಪಾನ

ಟಾಂಜಾನಿಯಾದ ಗೇಯಿಟಾ, ಜಿಂಬಾಬ್ವೆಯ ಕಡೋಮಾ ಕಡೆಯ ಸಣ್ಣ ಗಣಿಗಾರರು ಪಾದರಸ ಬೆರೆತ ಚಿನ್ನದುಂಡೆಯನ್ನು ಮನೆಯೊಲೆಯಲ್ಲೇ ಸುಡುವುದುಂಟು. ಮೊದಲು ನಿಲ್ಲಬೇಕಾದದ್ದು ಇದೇ. ಸುಡುವಾಗ ಏಳುವ ಪಾದರಸದ ಆವಿಗೆ ಬಣ್ಣ, ವಾಸನೆ ಎರಡೂ ಇಲ್ಲ. ಗೋಡೆ, ಬಟ್ಟೆಗೆ ಕೂತು ಆಮೇಲೂ ಏಳುತ್ತಿರುತ್ತದೆ. ಬಾಣಂತಿಯನ್ನು ಒಂದು ಗಂಟೆ ಹೊರಗೆ ಕೂರಿಸಿದರೆ ಸಾಲದು.

ಸುಡಲೇಬೇಕೆಂದರೆ ಊರಾಚೆ, ಮುಚ್ಚಿದ ರಿಟಾರ್ಟಿನಲ್ಲಿ, ಅಂದರೆ ಆವಿಯನ್ನು ಕೊಳವೆಯಲ್ಲಿ ತಣಿಸಿ ಮತ್ತೆ ಪಾದರಸವಾಗಿ ಹಿಡಿಯುವ ಪಾತ್ರೆಯಲ್ಲಿ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ಗೆ. ಪೂರ್ತಿ ತಣಿಯುವ ಮುನ್ನ ಮುಚ್ಚಳ ತೆಗೆದರೆ ಉಳಿದ ಆವಿ ನೇರ ಮುಖಕ್ಕೆ. ಕೊಳವೆಯ ತುದಿ ನೀರೊಳಗೆ ಮುಳುಗಿದ್ದರೆ, ತಣಿಯುವಾಗ ನೀರು ಒಳಗೆಳೆದು ಪಾತ್ರೆ ಸಿಡಿಯಬಹುದು. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಡಿ, ಮಗುವಿನ ಬಟ್ಟೆಯೊಂದಿಗೆ ಒಗೆಯಬೇಡಿ. ಚೆಲ್ಲಿದ ಹನಿಗಳನ್ನು ಗುಡಿಸಬೇಡಿ, ಚೂರಾಗಿ ಹರಡುತ್ತವೆ. ಗಟ್ಟಿ ಕಾಗದದಿಂದ ಒಟ್ಟುಮಾಡಿ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.

ಪಾದರಸ ಹಾಲಿಗೂ ಇಳಿಯುತ್ತದೆ, ನಿಜ. ಹಾಗೆಂದು ವೈದ್ಯರನ್ನು ಕೇಳದೆ ಎದೆಹಾಲು ಬಿಡಿಸಬೇಡಿ. ಆವಿಯ ಪಾದರಸಕ್ಕೆ ಮೂತ್ರ ಪರೀಕ್ಷೆ, ಮೀನು ತಿಂದು ಮೈಗೆ ಸೇರಿದ ಪಾದರಸಕ್ಕೆ ಕೂದಲಿನ ಪರೀಕ್ಷೆ ಮಾಡಿಸಿ.