ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಪಿಕಪ್‌ಗೆ ಇನ್ನೂ ದುಡ್ಡು ಹಾಕಬೇಕೆ? ನನ್ನ ಅನುಭವ

ಹಳೆಯ ಪಿಕಪ್ಪನ್ನು ರಿಪೇರಿ ಮಾಡಿಸುವುದೋ ಕೊಟ್ಟುಬಿಡುವುದೋ ಎಂಬ ಪ್ರಶ್ನೆ ಬಂದಾಗ ನಮ್ಮ ಕಡೆ ಎಲ್ಲರ ಕಣ್ಣೂ ಮೊದಲು ಹೋಗುವುದು ಮೀಟರಿನ ಮೇಲೆ. ನಾಲ್ಕು ಲಕ್ಷದ ಹತ್ತಿರ ಬಂದಿದೆ ಎಂದು ಗೊತ್ತಾದ ಕೂಡಲೇ, ಇನ್ನೇನಿದೆ ಅದರಲ್ಲಿ, ಗುಜರಿಗೆ ಹಾಕಿ ಎನ್ನುವವರೇ ಹೆಚ್ಚು. ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟ ನೋಡಿಕೊಂಡು, ಮನೆಯ ಕೆಲಸಕ್ಕೂ ಸುತ್ತಮುತ್ತಲಿನವರ ಬಾಡಿಗೆಗೂ ಒಂದೂಕಾಲು ಟನ್ನಿನ ಡೀಸೆಲ್ ಪಿಕಪ್ ಓಡಿಸುತ್ತಿರುವ ನನಗೆ ಅದೇ ಮಾತು ಎದುರಾದಾಗ, ಗಾಡಿಗೆ ಹದಿಮೂರು ವರ್ಷ ತುಂಬಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದು ಹೇಗೆ, ಯಾವ ಕಾರಣ ಸಿಕ್ಕಿದ್ದರೆ ಕೊಟ್ಟುಬಿಡುತ್ತಿದ್ದೆ ಎಂಬುದನ್ನು, ಇದೇ ಇಕ್ಕಟ್ಟಿನಲ್ಲಿರುವವರಿಗೆ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ತೊಂದರೆ ಮೊದಲು ಕಾಣಿಸಿದ್ದು ಆಗುಂಬೆ ಘಾಟಿಯಲ್ಲಿ. ಸೋಮೇಶ್ವರದಿಂದ ಮೇಲೆ ಬರುವ ಆ ಹದಿನಾಲ್ಕು ತಿರುವುಗಳನ್ನು ಅರ್ಧ ಲೋಡಿನಲ್ಲಿ ಎರಡನೇ ಗೇರಿನಲ್ಲೇ ಹತ್ತುತ್ತಿದ್ದ ಗಾಡಿ, ಒಂದನೇ ಗೇರಿಗೆ ಇಳಿಯತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೆಲವು ನಿಮಿಷ ಬಿಳಿ ಹೊಗೆ, ಐಡಲ್‌ನಲ್ಲಿ ನಡುಕ. ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಆಯಿಲಿನ ಮುಚ್ಚಳ ತೆಗೆದು, ಅಲ್ಲಿಂದ ಬರುತ್ತಿದ್ದ ಹೊಗೆಯನ್ನು ನೋಡಿ, "ಗೌಡ್ರೇ, ಬೋರು ಹೋಗಿದೆ, ಇಂಜಿನ್ ಇಳಿಸದೆ ಬೇರೆ ದಾರಿ ಇಲ್ಲ" ಎಂದರು. ಬೋರು ಎಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ಸಿಲಿಂಡರಿನ ಕೊಳವೆ; ಅದು ಸವೆದುಹೋಗಿದೆ ಎಂಬುದು ಅವರ ಮಾತು. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲ ಸೇರಿ ಅವರು ಹೇಳಿದ ಅಂದಾಜು ತೊಂಬತ್ತು ಸಾವಿರದ ಮೇಲಿತ್ತು. ಗಾಡಿಯನ್ನು ಆಗ ಮಾರಿದ್ದರೆ ಒಂದೂವರೆ ಲಕ್ಷದ ಆಸುಪಾಸು ಬರುತ್ತಿತ್ತು. ಬೆಲೆಯ ಅರ್ಧಕ್ಕಿಂತ ಹೆಚ್ಚು ರಿಪೇರಿಗೆ ಹಾಕಬಾರದು ಎಂಬ ರೂಢಿಯ ಸೂತ್ರವನ್ನು ಹಿಡಿದಿದ್ದರೆ ತೀರ್ಮಾನ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಎಂಜಿನ್ನಿನ ಮಾತನ್ನು ಬದಿಗಿಟ್ಟು ಮೊದಲು ಚಾಸಿಯನ್ನು, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟನ್ನು ನೋಡಿದೆ. ಎಂಜಿನ್ ಎಷ್ಟೇ ಸವೆದಿದ್ದರೂ ಅದರ ಬಿಡಿಭಾಗಗಳು ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತವೆ, ಲೇತ್ ಕೆಲಸ ಬಲ್ಲವರೂ ಇದ್ದಾರೆ. ಚಾಸಿ ಕೊಳೆತಿದ್ದರೆ ಮಾತ್ರ ಅದರ ಮೇಲೆ ಕೂರಿಸುವ ಪ್ರತಿಯೊಂದು ರೂಪಾಯಿಯೂ ವ್ಯರ್ಥ. ಮಲೆನಾಡಿನಲ್ಲಿ ಈ ಪರೀಕ್ಷೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಅಡಿಭಾಗ ಒಣಗುವುದೇ ಇಲ್ಲ. ಮಲ್ಪೆಯಿಂದ ಘಟ್ಟದ ಮೇಲಕ್ಕೆ ಮೀನು ಸಾಗಿಸಿದ ಗಾಡಿಯಾದರೆ ಮಂಜುಗಡ್ಡೆ ಕರಗಿ ಸೋರುವ ಉಪ್ಪುನೀರು ಚಾಸಿಯ ಒಳಮೈಯನ್ನು ತಿಂದುಹಾಕಿರುತ್ತದೆ. ಯೂರಿಯಾ, ಪೊಟ್ಯಾಷ್ ಚೀಲಗಳನ್ನು ಹೇರಿದ ಗಾಡಿಗಳೂ ಸ್ವಲ್ಪಮಟ್ಟಿಗೆ ಹಾಗೆಯೇ. ನನ್ನದು ಮೀನು ಹೊತ್ತ ಗಾಡಿಯಲ್ಲ, ಗೊಬ್ಬರ ಹೊತ್ತದ್ದು.

ವಾಟರ್ ಸರ್ವೀಸ್ ಮಾಡಿಸಿ, ಮರುದಿನ ಅಡಿಭಾಗ ಒಣಗಿದ ಮೇಲೆ, ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂ ಡ್ರೈವರ್ ಮತ್ತು ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಗಟ್ಟಿ ಉಕ್ಕಿನ ಮೇಲೆ ಸುತ್ತಿಗೆ ಬಿದ್ದರೆ ಕಣಕಣ ಎನ್ನುತ್ತದೆ; ತುಕ್ಕು ಒಳಗೆ ಇಳಿದಿದ್ದರೆ ದಬ್ ಎಂಬ ಸತ್ತ ಸದ್ದು ಬರುತ್ತದೆ, ಚಕ್ಕೆ ಉದುರುತ್ತದೆ. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಾಗಿಲ್ಲ, ತಂತಿ ಬ್ರಷ್ಷಿಗೆ ಅದು ಹೋಗುತ್ತದೆ. ಪದರ ಪದರವಾಗಿ ಎದ್ದು ಬರುವ ತುಕ್ಕು ಅಪಾಯದ್ದು. ಮುಖ್ಯವಾಗಿ ನೋಡಬೇಕಾದ ಜಾಗಗಳೆಂದರೆ ಹಿಂದಿನ ಬ್ಲೇಡ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗ್) ಚಾಸಿಗೆ ಹಿಡಿದಿರುವ ಹ್ಯಾಂಗರ್‌ಗಳು, ಹಿಂದಿನ ಆಕ್ಸಲ್ಲಿನ ಮೇಲೆ ಚಾಸಿ ಬಾಗಿ ಏರುವ ಭಾಗ, ಮಣ್ಣು ಸೇರಿ ಕೂರುವ ಒಳಸಂದಿಗಳು, ಸ್ಟೀಯರಿಂಗ್ ಬಾಕ್ಸ್ ಕೂತಿರುವ ಕಡೆ. ನನ್ನ ಗಾಡಿಯಲ್ಲಿ ಬಲಬದಿಯ ಹಿಂದಿನ ಹ್ಯಾಂಗರ್ ಪಕ್ಕದಲ್ಲಿ ಅಂಗೈ ಅಗಲದಷ್ಟು ಜಾಗ ತೆಳುವಾಗಿತ್ತು. ಸ್ಕ್ರೂ ಡ್ರೈವರ್ ಒತ್ತಿದರೂ ತೂತಾಗಲಿಲ್ಲ, ಬಿರುಕು ಇರಲಿಲ್ಲ. ಉಳಿದ ಕಡೆ ಸದ್ದು ಗಟ್ಟಿಯಾಗಿತ್ತು. ಲೋಡ್ ಬಾಡಿಯ ತಗಡು ಎರಡು ಕಡೆ ತೂತಾಗಿದ್ದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ, ಏಕೆಂದರೆ ತಗಡು ಬದಲಿಸುವುದು ಒಂದು ದಿನದ ಟಿಂಕರಿಂಗ್ ಕೆಲಸ. ಅಂದು ಚಾಸಿಯಲ್ಲಿ ಒಂದು ಬಿರುಕು ಕಂಡಿದ್ದರೂ, ಅದರಲ್ಲೂ ಆಕ್ಸಲ್ಲಿನ ಮೇಲಿನ ಬಾಗಿನಲ್ಲಿ ಕಂಡಿದ್ದರೆ, ಎಂಜಿನ್ನಿನ ಮುಚ್ಚಳವನ್ನೂ ತೆರೆಸದೆ ಗಾಡಿಯನ್ನು ಕೊಟ್ಟುಬಿಡುತ್ತಿದ್ದೆ. ಘಾಟಿಯಲ್ಲಿ ಲೋಡ್ ಇಳಿಸುವ ಗಾಡಿ ಅದು, ಅದರಲ್ಲಿ ಕೂರುವವರು ನನ್ನ ಮನೆಯವರು ಮತ್ತು ಹಮಾಲರು.

ಎಂಜಿನ್ನಿನ ವಿಷಯದಲ್ಲಿ ಮೇಸ್ತ್ರಿಯ ಅನುಭವವನ್ನು ಗೌರವಿಸುತ್ತಲೇ, ಅಳತೆ ಮಾಡದೆ ಬಿಚ್ಚುವುದು ಬೇಡ ಎಂದು ಕೇಳಿಕೊಂಡೆ. ಆಯಿಲ್ ಮುಚ್ಚಳದಿಂದ ಬರುವ ಹೊಗೆಯೊಂದನ್ನೇ ನೋಡಿ ಬೋರು ಹೋಗಿದೆ ಎನ್ನಲಾಗದು. ನಾಲ್ಕು ಲಕ್ಷದ ಹತ್ತಿರ ಓಡಿದ ಡೀಸೆಲ್ ಎಂಜಿನ್ನಿನಲ್ಲಿ ಸ್ವಲ್ಪ ಹೊಗೆ ಸಹಜ. ಬೋರು ನಿಜವಾಗಿ ಸವೆದಿದ್ದರೆ ಎಂಜಿನ್ ಆಯಿಲ್ ಕುಡಿಯಬೇಕು, ಸೈಲೆನ್ಸರಿನಿಂದ ನೀಲಿ ಹೊಗೆ ಬರಬೇಕು. ನಾನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರುವ ಪುಸ್ತಕದ ಪ್ರಕಾರ ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರ ನಡುವೆ ಅರ್ಧ ಲೀಟರ್ ಕೂಡ ಮೇಲೆ ಹಾಕಿರಲಿಲ್ಲ. ಈ ಪುಸ್ತಕ ಇಡುವ ಅಭ್ಯಾಸವನ್ನು ಪ್ರತಿಯೊಬ್ಬ ಗಾಡಿ ಮಾಲೀಕರಿಗೂ ನಾನು ಒತ್ತಿ ಹೇಳುತ್ತೇನೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇದ್ದ ಇನ್ನೊಂದು ಗ್ಯಾರೇಜಿಗೆ ಗಾಡಿಯನ್ನು ಒಯ್ದೆವು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ, ಚಾರ್ಜ್ ತುಂಬಿದ ಬ್ಯಾಟರಿಯಿಂದ ಎಂಜಿನ್ ತಿರುಗಿಸಿದಾಗ ಮೂರು ಸಿಲಿಂಡರ್‌ಗಳು 370ರಿಂದ 390 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದವು, ಮೂರನೆಯದು ಮಾತ್ರ 270ರಲ್ಲೇ ನಿಂತಿತು. ನಾಲ್ಕೂ ಒಂದೇ ಸಮನಾಗಿ ಇಳಿದಿದ್ದರೆ ಮೇಸ್ತ್ರಿಯ ಮಾತೇ ಸರಿಯಿರುತ್ತಿತ್ತು. ಒಂದೇ ಸಿಲಿಂಡರ್ ಇಳಿದಿದೆ ಎಂದರೆ ಸೋರಿಕೆ ಎಲ್ಲಿ ಎಂದು ಹುಡುಕಬೇಕು. ಆ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ ಎಂಜಿನ್ ತಂದು, ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ನಾಜಲ್ಲಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರು. ಆಗ ಮಾಡಬೇಕಾದ ಕೆಲಸ ಕಿವಿಯದು. ಆಯಿಲ್ ಮುಚ್ಚಳದ ಬಳಿ ಗಾಳಿಯ ಸದ್ದು ಬಂದರೆ ರಿಂಗ್, ಏರ್ ಫಿಲ್ಟರಿನ ಪೈಪಿನಲ್ಲಿ ಬಂದರೆ ಇನ್‌ಲೆಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲಿ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಬಿರುಕು. ನಮಗೆ ಸುಯ್ಯೆಂಬ ಸದ್ದು ಸ್ಪಷ್ಟವಾಗಿ ಕೇಳಿದ್ದು ಸೈಲೆನ್ಸರಿನ ತುದಿಯಲ್ಲಿ. ಸುಟ್ಟುಹೋಗಿದ್ದದ್ದು ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್. ಬೋರು ಇನ್ನೂ ಬದುಕಿತ್ತು.

ಇಷ್ಟಕ್ಕೇ ಸಮಾಧಾನ ಪಡುವಂತಿರಲಿಲ್ಲ, ಏಕೆಂದರೆ ಕೆಳಗಿನ, ಕ್ರ್ಯಾಂಕಿನ ಬೇರಿಂಗ್‌ಗಳು ಸವೆದಿದ್ದರೆ ಹೆಡ್ ಕೆಲಸ ಮಾಡಿಸಿದ ಕೆಲವೇ ತಿಂಗಳಲ್ಲಿ ಎಂಜಿನ್ ಮತ್ತೆ ಇಳಿಯಬೇಕಾಗುತ್ತದೆ. ಬೇರಿಂಗ್‌ಗಳ ಸ್ಥಿತಿಯನ್ನು ಬಿಚ್ಚದೆ ತಿಳಿಯಲು ಇರುವ ನಂಬಿಕಸ್ತ ದಾರಿ ಆಯಿಲ್ ಪ್ರೆಷರ್. ಅದನ್ನು ತಣ್ಣನೆಯ ಎಂಜಿನ್ನಿನಲ್ಲಿ ಅಳೆದರೆ ಪ್ರಯೋಜನವಿಲ್ಲ. ಗಾಡಿಯನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಆಯಿಲ್ ಪ್ರೆಷರ್ ಸೆಂಡರ್ (ಸೆನ್ಸರ್) ಬಿಚ್ಚಿ ಅದರ ಜಾಗದಲ್ಲಿ ಗೇಜ್ ಹಾಕಿ ನೋಡಬೇಕು. ಸಾವಿರ ಆರ್‌ಪಿಎಂಗೆ ಸುಮಾರು ಹತ್ತು ಪಿಎಸ್‌ಐ ಇದ್ದರೆ ಸಾಕು ಎಂಬುದು ಮೆಕ್ಯಾನಿಕ್‌ಗಳ ರೂಢಿಯ ಅಳತೆ. ನನ್ನದರಲ್ಲಿ ಅದಕ್ಕಿಂತ ಹೆಚ್ಚೇ ಇತ್ತು.

ನಡುವೆ ಒಬ್ಬರು ಗುಜರಿಯಿಂದ ರೆಡಿ ಎಂಜಿನ್ ಕೊಡಿಸುತ್ತೇನೆ, ಎರಡು ದಿನದಲ್ಲಿ ಕೂರಿಸಿಬಿಡಬಹುದು ಎಂದರು. ಬೆಲೆ ಆಕರ್ಷಕವಾಗಿತ್ತು, ಆದರೂ ಒಪ್ಪಲಿಲ್ಲ. ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರುತ್ತದೆ; ಬೇರೆ ಎಂಜಿನ್ ಹಾಕಿದರೆ ಅದರ ಮೂಲದ ದಾಖಲೆಗಳನ್ನು ಆರ್‌ಟಿಒ ಕಚೇರಿಗೆ ಕೊಟ್ಟು ಬದಲಾವಣೆಯನ್ನು ಆರ್‌ಸಿಯಲ್ಲಿ ಸೇರಿಸಬೇಕು. ಆ ಕಾಗದಗಳಿಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಸಮಯದಲ್ಲಿ, ಅಪಘಾತವಾದರೆ ಇನ್ಶೂರೆನ್ಸ್ ಸಮಯದಲ್ಲಿ, ಗಾಡಿಯನ್ನೇ ಮುಳುಗಿಸುತ್ತದೆ.

ಇನ್ನು ಖರ್ಚಿನ ಲೆಕ್ಕ. ಇಲ್ಲಿ ನಾನು ಒಂದು ವಿಂಗಡಣೆಯನ್ನು ಕಟ್ಟುನಿಟ್ಟಾಗಿ ಮಾಡಿದೆ. ಟೈರ್, ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಬ್ಯಾಟರಿ ಇವು ಹೊಸ ಗಾಡಿಯಲ್ಲೂ ಸವೆಯುವ ವಸ್ತುಗಳು; ಅವುಗಳ ಖರ್ಚನ್ನು ಹಳೆತನದ ತಲೆಗೆ ಕಟ್ಟುವುದು ಅನ್ಯಾಯ. ಗಾಡಿ ಹಳೆಯದಾದದ್ದರಿಂದಲೇ ಬಂದ ಖರ್ಚೆಂದರೆ ಹೆಡ್ ಇಳಿಸಿ ವಾಲ್ವ್, ಗೈಡ್, ಸೀಟ್ ಬದಲಿಸಿ ಫೇಸಿಂಗ್ ಮಾಡಿಸುವುದು, ನಾಜಲ್ ಮತ್ತು ಪಂಪಿನ ಕ್ಯಾಲಿಬ್ರೇಷನ್, ಹ್ಯಾಂಗರ್ ಬಳಿ ಪ್ಲೇಟ್ ಇಟ್ಟು ವೆಲ್ಡಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸ್ಟೀಯರಿಂಗ್ ಜಾಯಿಂಟ್‌ಗಳು. ಎಲ್ಲ ಸೇರಿ ಐವತ್ತೈದು ಸಾವಿರದ ಹತ್ತಿರ. ಈ ಮೊತ್ತವನ್ನು ಒಂದೂವರೆ ಲಕ್ಷದ ಮಾರಾಟ ಬೆಲೆಯ ಪಕ್ಕದಲ್ಲಿಟ್ಟರೆ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಒಂದೂವರೆ ಲಕ್ಷಕ್ಕೆ ನನಗೆ ಸಿಗುವುದು ಇನ್ನೊಬ್ಬರು ಬೇಡವೆಂದು ಬಿಟ್ಟ, ಚರಿತ್ರೆ ಗೊತ್ತಿಲ್ಲದ ಗಾಡಿ. ಆದ್ದರಿಂದ ಹೋಲಿಕೆ ಹೊಸ ಗಾಡಿಯೊಂದಿಗೇ ಆಗಬೇಕು. ಹತ್ತು ಲಕ್ಷದ ಹೊಸ ಪಿಕಪ್‌ಗೆ ಎರಡು ಲಕ್ಷ ಕೈಯಿಂದ ಹಾಕಿ, ಎಂಟು ಲಕ್ಷವನ್ನು ಶೇಕಡ 10ರ ಬಡ್ಡಿಗೆ ಐದು ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 17,000 ರೂಪಾಯಿ. ನನ್ನ ರಿಪೇರಿಯ ಒಟ್ಟು ಮೊತ್ತ ಮೂರು ಕಂತುಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎರಡಕ್ಕೂ ಒಂದೇ: 7,500 ಕೆ.ಜಿ.ವರೆಗಿನ ಸರಕು ವಾಹನಗಳಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ 16,049 ರೂಪಾಯಿ, ಅದರ ಮೇಲೆ ತೆರಿಗೆ. ಹಳೆಯ ಗಾಡಿಗೆ ಹೆಚ್ಚುವರಿಯಾಗಿ ಬರುವುದು ಎಫ್‌ಸಿಯ ಹೊರೆ, ಏಕೆಂದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸುವ ಎಫ್‌ಸಿಯನ್ನು ಆನಂತರ ಪ್ರತಿ ವರ್ಷ ಮಾಡಿಸಬೇಕು, ಗಾಡಿಗೆ ವಯಸ್ಸಾದಂತೆ ಅದರ ಶುಲ್ಕವೂ ಏರುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲವಂತೆ ಎಂದು ಹಲವರು ಹೆದರಿಸಿದರು. ಆ ನಿರ್ಬಂಧ ಹುಟ್ಟಿದ್ದು ದೆಹಲಿ ರಾಜಧಾನಿ ಪ್ರದೇಶಕ್ಕೆ, ಕರ್ನಾಟಕದಲ್ಲಿ ಎಫ್‌ಸಿ ಸಿಗುವವರೆಗೆ ಗಾಡಿ ಓಡಬಹುದು.

ನನ್ನ ಈ ಲೆಕ್ಕ ಎಲ್ಲರಿಗೂ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಗಾಡಿ ತಿಂಗಳಿಗೆ ಓಡುವುದು ಸಾವಿರ ಕಿಲೋಮೀಟರ್ ಆಸುಪಾಸು. ಹಳೆಯ ಎಂಜಿನ್ ಲೀಟರಿಗೆ ಹದಿಮೂರರ ಬದಲು ಹತ್ತು ಕಿಲೋಮೀಟರ್ ಕೊಟ್ಟರೂ ನನಗೆ ತಿಂಗಳಿಗೆ ಇಪ್ಪತ್ತಮೂರು ಲೀಟರ್ ಹೆಚ್ಚು ಖರ್ಚಾಗುತ್ತದೆ, ಸುಮಾರು ಎರಡು ಸಾವಿರ ರೂಪಾಯಿ. ದಿನವೂ ತರಕಾರಿ ಹೇರಿಕೊಂಡು ಶಿವಮೊಗ್ಗಕ್ಕೋ ಉಡುಪಿಗೋ ಓಡುವವರಿಗೆ, ತಿಂಗಳಿಗೆ ನಾಲ್ಕು ಸಾವಿರ ಕಿಲೋಮೀಟರ್ ಆಗುತ್ತದೆಂದರೆ, ಅದೇ ವ್ಯತ್ಯಾಸ ಎಂಟು ಸಾವಿರವನ್ನು ಮೀರುತ್ತದೆ, ಅಂದರೆ ಅರ್ಧ ಕಂತು ಡೀಸೆಲ್ಲಿನಲ್ಲೇ ಹೋಯಿತು. ಅದರ ಮೇಲೆ ದಾರಿಯಲ್ಲಿ ಗಾಡಿ ನಿಂತರೆ ಹೋಗುವ ಬಾಡಿಗೆ, ಕೊಳೆಯುವ ಮಾಲು, ಕೈಬಿಡುವ ಗಿರಾಕಿ. ಅಂಥವರು ಹೊಸ ಗಾಡಿಗೆ ಹೋಗುವುದೇ ಸರಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿದೆ, ಏಕೆಂದರೆ ಅಡಿಕೆ ಕೊಯ್ಲು ಶುರುವಾದ ಮೇಲೆ ಗಾಡಿ ಒಂದು ವಾರ ನಿಂತರೂ ನಷ್ಟ. ಹೆಡ್ ಬಿಚ್ಚಿದಾಗ ವಾಲ್ವಿನ ಅಂಚಿನಲ್ಲಿ ಉಗುರು ತೂರುವಷ್ಟು ಜಾಗ ಸುಟ್ಟು ಕರಗಿದ್ದನ್ನು ಬೋರು ಹೋಗಿದೆ ಎಂದಿದ್ದ ಮೇಸ್ತ್ರಿಯೇ ಕೈಯಲ್ಲಿ ಹಿಡಿದು ನೋಡಿದರು. ಬೋರಿನ ಒಳಗೋಡೆಯಲ್ಲಿ ಹೋನಿಂಗ್ ಗೆರೆಗಳು, ಅಂದರೆ ಎಂಜಿನ್ ತಯಾರಿಸುವಾಗ ಉಜ್ಜಿ ಮೂಡಿಸಿದ ಸಣ್ಣ ಗೆರೆಗಳು, ಅಲ್ಲಲ್ಲಿ ಇನ್ನೂ ಉಳಿದಿದ್ದವು. ಗಾಡಿ ಈಗ ಘಾಟಿಯನ್ನು ಮೊದಲಿನಂತೆ ಎರಡನೇ ಗೇರಿನಲ್ಲಿ ಹತ್ತುತ್ತಿದೆ, ಎಫ್‌ಸಿಯೂ ಆಗಿದೆ.

ಯಾವಾಗ ನಿಲ್ಲಿಸಬೇಕೆಂಬುದನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ವೆಲ್ಡಿಂಗ್ ಮಾಡಿದ ಜಾಗದ ಆಚೆ ಚಾಸಿಯಲ್ಲಿ ಬಿರುಕು ಕಂಡರೆ, ಬಿಸಿ ಎಂಜಿನ್ನಿನ ಆಯಿಲ್ ಪ್ರೆಷರ್ ಇಳಿದರೆ, ಅಥವಾ ಹಳೆತನದ ಖರ್ಚು ಒಂದು ವರ್ಷದಲ್ಲಿ ಆರು ಕಂತುಗಳನ್ನು ಮುಟ್ಟಿದರೆ ಮತ್ತೆ ದುಡ್ಡು ಹಾಕುವುದಿಲ್ಲ. ಆಗ ಗುಜರಿಯವರಿಗೆ ಹಾಗೆಯೇ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಗಾಡಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆರ್‌ಸಿ ರದ್ದಾಗುವವರೆಗೆ ಆ ನಂಬರಿನ ತೆರಿಗೆ, ದಂಡ, ಕೇಸುಗಳೆಲ್ಲ ನಮ್ಮ ಹೆಸರಿಗೇ ಬರುತ್ತವೆ. ಆದ್ದರಿಂದ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು, ಅಲ್ಲಿಂದ ಸಿಗುವ ಪ್ರಮಾಣಪತ್ರವನ್ನು ಹೊಸ ಗಾಡಿಯ ಕಾಗದಗಳ ಜೊತೆ ಇಟ್ಟುಕೊಳ್ಳಬೇಕೆಂದಿದ್ದೇನೆ.