ಹಳೇ ಆಸ್ಪೆಕ್ಟ್‌ಗಳನ್ನು ಅನೋಟೇಶನ್ ಶೈಲಿಗೆ ತರುವ ಮುಂಚೆ ವೀವಿಂಗ್ ಪಟ್ಟಿ ಎತ್ತಿಡಿ

ನಮ್ಮ ಬಿಲ್ಲಿಂಗ್ ಪ್ರಾಜೆಕ್ಟ್‌ನಲ್ಲಿ ಟೈಮಿಂಗ್, ಆಡಿಟ್ ಎಲ್ಲವೂ ಆಸ್ಪೆಕ್ಟ್‌ಜೆ ಅನ್ನುವ ಜಾವಾ ವಿಸ್ತರಣೆಯ ಹಳೇ .ಎಜೆ ಫೈಲ್‌ಗಳಲ್ಲಿತ್ತು. ಹೀಗೆ ಹಲವು ಕ್ಲಾಸ್‌ಗಳಿಗೆ ಬೇಕಾದ ಕೋಡನ್ನು ಒಂದೇ ಕಡೆ ಬರೆದಿಟ್ಟದ್ದು ಆಸ್ಪೆಕ್ಟ್, ಅದನ್ನು ಆ ಕ್ಲಾಸ್‌ಗಳೊಳಗೆ ಸೇರಿಸುವುದು ವೀವಿಂಗ್. ಇನ್ಮೇಲೆ ಬಿಲ್ಡ್ ಸಾದಾ ಜಾವಾ ಕಂಪೈಲರ್ ಆದ ಜಾವಾಸಿಯಲ್ಲೇ ಆಗಲಿ, ವೀವಿಂಗ್ ಕ್ಲಾಸ್ ಲೋಡ್ ಆಗುವಾಗ ನಡೆಯಲಿ ಅಂತ ತೀರ್ಮಾನವಾಯಿತು. ಅದಕ್ಕೆ ಬೇಕಾದದ್ದು ಅನೋಟೇಶನ್ ಶೈಲಿ, ಅಂದ್ರೆ ಸಾದಾ ಜಾವಾ ಕ್ಲಾಸಿಗೆ @ ಗುರುತು ಹಾಕಿ ಆಸ್ಪೆಕ್ಟ್ ಬರೆಯುವುದು. ಇದು 2005ರಲ್ಲಿ ಆಸ್ಪೆಕ್ಟ್‌ಜೆ 5ರ ಜೊತೆ ಬಂದದ್ದು, ಹೊಸದೇನಲ್ಲ.

ಕೈ ಹಾಕುವ ಮುಂಚೆ ಹಳೇ ಕೋಡನ್ನು ಆಸ್ಪೆಕ್ಟ್‌ಜೆಯ ಕಂಪೈಲರ್ ಆದ ಎಜೆಸಿಯಲ್ಲಿ 'ಶೋ ವೀವ್ ಇನ್ಫೋ' ಆಯ್ಕೆ ಕೊಟ್ಟು ಕಂಪೈಲ್ ಮಾಡಿ. ಯಾವ ಅಡ್ವೈಸ್ (ಆಸ್ಪೆಕ್ಟ್ ಸೇರಿಸುವ ಕೋಡ್) ಎಲ್ಲಿ ಕೂತಿದೆ ಅನ್ನುವ ಪಟ್ಟಿ ಸಿಗುತ್ತದೆ, ಎತ್ತಿಡಿ. ಯಾಕೆ ಅಂದ್ರೆ ಅಡ್ವೈಸ್ ಎಲ್ಲೆಲ್ಲಿ ಕೂರಬೇಕು ಅಂತ ಹೇಳುವ ಪಾಯಿಂಟ್‌ಕಟ್ ಇನ್ನು ಬರೀ ಸ್ಟ್ರಿಂಗ್. ಒಳಗೆ ತಪ್ಪಿದ್ದರೂ ಜಾವಾಸಿ ಸುಮ್ನೆ ಇರುತ್ತದೆ.

ಚೌಕಟ್ಟು ಬದಲಿಸುವುದು ಸುಲಭ. ಆಸ್ಪೆಕ್ಟ್ ಜಾಗದಲ್ಲಿ ಕ್ಲಾಸ್, ಅದರ ಮೇಲೆ @ಆಸ್ಪೆಕ್ಟ್. ಪಾಯಿಂಟ್‌ಕಟ್ ಒಂದು ಖಾಲಿ ವಾಯ್ಡ್ ಮೆಥಡ್, ಮೇಲೆ @ಪಾಯಿಂಟ್‌ಕಟ್. ಬಿಫೋರ್, ಆಫ್ಟರ್ ಅಡ್ವೈಸ್‌ಗಳು ಹೆಸರಿರುವ ಪಬ್ಲಿಕ್ ಮೆಥಡ್‌ಗಳಾಗುತ್ತವೆ. ಹಳೇ ಶೈಲಿಯಲ್ಲಿ ತಾನಾಗೇ ಸಿಗುತ್ತಿದ್ದ, ಅಡ್ವೈಸ್ ಕೂತ ಜಾಗದ ಮಾಹಿತಿ ಕೊಡುವ 'ದಿಸ್ ಜಾಯಿನ್‌ಪಾಯಿಂಟ್' ಈಗ ಪ್ಯಾರಾಮೀಟರ್ ಆಗಿ ಬರಬೇಕು.

ಜಾಸ್ತಿ ಕಾಡುವುದು ಇಂಪೋರ್ಟ್. ಫೈಲಿನ ಮೇಲಿನ ಇಂಪೋರ್ಟ್ ಸಾಲುಗಳು ಸ್ಟ್ರಿಂಗ್ ಒಳಗೆ ನಡೆಯುವುದಿಲ್ಲ. ಬೇರೆ ಪ್ಯಾಕೇಜಿನ ಕ್ಲಾಸಿಗೆ ಬರೀ 'ಇನ್ವಾಯ್ಸ್' ಅಂತ ಬರೆದರೆ ಸಾಲದು, ಪ್ಯಾಕೇಜ್ ಸಮೇತ ಪೂರ್ತಿ ಹೆಸರು ಬೇಕು. ಇಲ್ಲದಿದ್ದರೆ ವೀವಿಂಗ್ ಸಮಯದಲ್ಲಿ ಒಂದು ಎಚ್ಚರಿಕೆ ಬಂದು ಲಾಗ್‌ನಲ್ಲಿ ಮುಳುಗಿಹೋಗುತ್ತದೆ, ಅಡ್ವೈಸ್ ಎಲ್ಲೂ ಕೂರುವುದಿಲ್ಲ. ಪ್ಯಾರಾಮೀಟರ್ ಹೆಸರುಗಳು ವೀವಿಂಗ್‌ಗೆ ಸಿಗಲು ಡೀಬಗ್ ಮಾಹಿತಿ ಇಟ್ಟು ಕಂಪೈಲ್ ಮಾಡಿ, ಇಲ್ಲವೇ ಅನೋಟೇಶನ್‌ನಲ್ಲೇ 'ಆರ್ಗ್‌ನೇಮ್ಸ್' ಅಂತ ಆ ಹೆಸರುಗಳನ್ನು ಕೊಡಿ.

ಮೂಲ ಕೋಡನ್ನು ಸುತ್ತುವರಿಯುವ ಅರೌಂಡ್ ಅಡ್ವೈಸ್‌ಗೆ 'ಪ್ರೊಸೀಡಿಂಗ್ ಜಾಯಿನ್‌ಪಾಯಿಂಟ್' ಪ್ಯಾರಾಮೀಟರ್ ಕೊಟ್ಟು, ಮೂಲ ಕೋಡ್ ನಡೆಯಲು ಅದರ 'ಪ್ರೊಸೀಡ್' ಕರೆಯಿರಿ. ಬಂದ ಬೆಲೆಯನ್ನು ವಾಪಸ್ ಕೊಡಿ, 'ಥ್ರೋಸ್ ಥ್ರೋವಬಲ್' ಬರೆಯಿರಿ. ಇಫ್ ಷರತ್ತು ಇದ್ದರೆ ಪಾಯಿಂಟ್‌ಕಟ್ ಮೆಥಡ್ ಖಾಲಿ ಇರಬಾರದು. ಅದು ಬೂಲಿಯನ್ ಕೊಡುವ ಪಬ್ಲಿಕ್ ಸ್ಟ್ಯಾಟಿಕ್ ಮೆಥಡ್ ಆಗಬೇಕು.

ಒಂದೊಂದು ಆಸ್ಪೆಕ್ಟ್ ಮುಗಿದಂತೆ ಅದನ್ನೂ ಎಜೆಸಿಯಲ್ಲೇ ಒಮ್ಮೆ ಕಂಪೈಲ್ ಮಾಡಿ ಎರಡೂ ಪಟ್ಟಿ ಹೋಲಿಸಿ. ಲೋಡ್ ಟೈಮ್ ಪಟ್ಟಿಯನ್ನು ಇದಕ್ಕೆ ನಂಬಬೇಡಿ. ಲೋಡ್ ಆಗದ ಕ್ಲಾಸ್ ಅದರಲ್ಲಿ ಕಾಣಿಸುವುದೇ ಇಲ್ಲ ಅಲ್ವಾ?

ಬೇರೆ ಕ್ಲಾಸಿನ ಪ್ರೈವೇಟ್ ಭಾಗಗಳನ್ನು ಮುಟ್ಟಬಲ್ಲ ಪ್ರಿವಿಲೆಜ್ಡ್ ಆಸ್ಪೆಕ್ಟ್, ಬೇರೆ ಕ್ಲಾಸಿಗೆ ಫೀಲ್ಡ್ ಸೇರಿಸುವುದು, ಚೆಕ್ಡ್ ಎಕ್ಸೆಪ್ಶನ್ನನ್ನು ಅನ್‌ಚೆಕ್ಡ್ ಮಾಡುವ 'ಡಿಕ್ಲೇರ್ ಸಾಫ್ಟ್' ಇವಕ್ಕೆ ಅನೋಟೇಶನ್ ಶೈಲಿಯಲ್ಲಿ ಜಾಗವಿಲ್ಲ. ಅವನ್ನು ಬಲವಂತವಾಗಿ ಬಗ್ಗಿಸಲು ಹೋಗಬೇಡಿ. .ಎಜೆ ಆಗಿಯೇ ಬಿಟ್ಟು, ಎಜೆಸಿಯಿಂದ ಬಿಲ್ಡ್ ಆಗುವ ಬೇರೆ ಮಾಡ್ಯೂಲ್‌ನಲ್ಲಿ ಇಡಿ.